ಖಾಲಿ ಜಾಗಕ್ಕೊಂದು ಶಾಂತಿವನ

ಆ ಗುರುವಾರ ಇನ್ವರ್‌ಮಲ್ಡಿಯ ಚರ್ಚಿನ ಹಿಂದಿನ ಕೋಣೆಯಲ್ಲಿ ಒಂದು ಯುದ್ಧ ನಿಲ್ಲುವುದರಲ್ಲಿತ್ತು. ಹೊರಡಿಸುವ ಹೇಳಿಕೆಯಲ್ಲಿ ‘ಖಂಡಿಸುತ್ತದೆ’ ಅನ್ನಬೇಕೋ ‘ತೀವ್ರವಾಗಿ ವಿಷಾದಿಸುತ್ತದೆ’ ಅನ್ನಬೇಕೋ ಎಂಬುದೊಂದು ತೀರ್ಮಾನವಾಗಿದ್ದರೆ ಸಾಕಿತ್ತು. ದೂರದೇಶದ ಸೈನಿಕರು ಬಂದೂಕು ಕೆಳಗಿಟ್ಟು ಮನೆಗೆ ಹೋಗುತ್ತಿದ್ದರು. ಅಷ್ಟರಲ್ಲಿ ಬಿಸ್ಕತ್ತು ಮುಗಿಯಿತು.

“ಎಫಿ, ಇನ್ನೊಂದು ತಟ್ಟೆ ತರ್ತೀಯಾ?” ಎಂದರು ಆರ್ಬತ್ನಾಟ್ ಸಾಹೇಬರು.

ಎಫಿ ತಂದಳು. ಯುದ್ಧ ಮುಂದುವರಿಯಿತು.

ಬಳಗದ ಹೆಸರು ಕ್ರೈಸ್ತ ದೃಷ್ಟಿ ಬಳಗ. ರಾಜಕೀಯ, ಸರ್ಕಾರ, ವಿದೇಶಾಂಗ ನೀತಿ ಈ ಮೂರನ್ನೂ ಕ್ರಿಸ್ತನ ಕಣ್ಣಿನಿಂದ ನೋಡುವುದು ಅದರ ಕೆಲಸ. ತನ್ನ ಕಣ್ಣನ್ನು ಇವರಿಗೆ ಕೊಡಲು ಕ್ರಿಸ್ತನಿಗೆ ಮನಸ್ಸಿತ್ತೋ ಇಲ್ಲವೋ ಯಾರೂ ವಿಚಾರಿಸಿರಲಿಲ್ಲ. ಆರ್ಬತ್ನಾಟ್ ಸಾಹೇಬರು ಅಧ್ಯಕ್ಷರು. ಒಂದು ಕಾಲದಲ್ಲಿ ವಿದೇಶಾಂಗ ಇಲಾಖೆಯ ದೊಡ್ಡ ಅಧಿಕಾರಿ. ಯಾರದೋ ದೇಶಗಳಿಗೆ ಗಡಿ ಎಳೆಸಿ, ಆ ದೇಶಗಳು ಹೊತ್ತಿಕೊಂಡು ಉರಿಯತೊಡಗಿದ ಮೇಲೆ ನಿವೃತ್ತರಾಗಿ ಊರಿಗೆ ಬಂದು ಗುಲಾಬಿ ಬೆಳೆಸುತ್ತಿದ್ದರು. ಪಾದ್ರಿ ಕಿನ್‌ಲಾಕ್ ಬಳಗದ ಆತ್ಮ. ಡಲ್ಗ್ಲೀಶ್ ಮೇಡಂ ಬಳಗದ ಶಕ್ತಿ. ಮೇ ತಿಂಗಳ ಚುನಾವಣೆಯಲ್ಲಿ ಗೆದ್ದು ಪುರಾಧ್ಯಕ್ಷೆಯಾದ ಮೇಲೆ ಆ ಶಕ್ತಿಯ ಕೊರಳಿಗೆ ಹುದ್ದೆಯ ಚಿನ್ನದ ಸರವೂ ಬಿದ್ದಿತ್ತು. ಉಳಿದವರು ತಲೆಯಾಡಿಸುವವರು.

ಎಫಿ ಚಹಾ ಕೊಡುವವಳು.

ಅವಳ ಹುದ್ದೆಗೆ ಬೀಡಲ್ ಎಂದು ಹೆಸರು. ಹೆಸರಿಗೇನೋ ಗತ್ತಿದೆ. ಕೆಲಸ ಮಾತ್ರ ಗುಡಿಸುವುದು, ಒರೆಸುವುದು, ಕಕ್ಕಸು ತೊಳೆಯುವುದು, ಗಂಟೆಗೋಪುರ ಹತ್ತಿ ಬಾವಲಿ ಹಿಕ್ಕೆ ಕೆರೆದು ತೆಗೆಯುವುದು. ಚಳಿಗಾಲದಲ್ಲಿ ಚರ್ಚು ಬೆಚ್ಚಗಾಗಲೆಂದು ಬೆಳಕು ಹರಿಯುವ ಮೊದಲೇ ಬಂದು ಬಾಯ್ಲರಿನ ಮುಂದೆ ಮಂಡಿಯೂರುವುದು. ಅಲ್ಲಿ ಪ್ರಾರ್ಥನೆಗೆ ಮಂಡಿಯೂರುವವರು ಯಾರೂ ಇರಲಿಲ್ಲ, ಎಲ್ಲರೂ ಕೂತೇ ಮುಗಿಸುತ್ತಿದ್ದರು. ಮಂಡಿ ಸವೆದದ್ದು ಎಫಿಯದೊಂದೇ. ಹಿತ್ತಾಳೆ ಉಜ್ಜುವ ಎಣ್ಣೆಗೆ ಅವಳ ಬೆರಳ ಗೆಣ್ಣುಗಳು ಒಡೆದು, ಒಡೆದ ಜಾಗದಲ್ಲಿ ಕಪ್ಪು ಕೂತು ಹೋಗಿತ್ತು.

ಭಾನುವಾರ ಮಾತ್ರ ಆ ಕೈಗೆ ಬೇರೆ ಕೆಲಸ. ಆರಾಧನೆ ಶುರುವಾಗುವುದು ಬೀಡಲ್ ಬೈಬಲ್ ಹೊತ್ತು ತಂದಾಗ. ಹಳೆಯ ದೊರೆಯೊಬ್ಬ ಕೊಟ್ಟ ಪುಸ್ತಕ ಅದು, ಹಸುಗೂಸಿನಷ್ಟು ಭಾರ. ಅವಳು ಅದನ್ನೆತ್ತಿ ನಡುದಾರಿಯಲ್ಲಿ ಬರುತ್ತಿದ್ದಂತೆ ಎಲ್ಲರೂ ಎದ್ದು ನಿಲ್ಲಬೇಕು. ಅವಳು ಅದನ್ನು ಉಪದೇಶದ ಪೀಠದ ಮೇಲಿಡುವತನಕ ಯಾರೂ ಕೂರುವಂತಿಲ್ಲ. ಮುಗಿದ ಮೇಲೆ ಮತ್ತೆ ಅವಳೇ ಅದನ್ನು ಹೊತ್ತು ಹೊರಡುತ್ತಾಳೆ, ಉಳಿದವರು ಅದರ ಹಿಂದೆ ಹೊರಡುತ್ತಾರೆ. ಎದ್ದು ನಿಲ್ಲುವುದು ಪುಸ್ತಕಕ್ಕೆ, ಎಫಿಗಲ್ಲ ಎಂಬುದನ್ನು ಯಾರೂ ಮರೆಯುತ್ತಿರಲಿಲ್ಲ. ಎಫಿಯಂತೂ ಮರೆಯುತ್ತಲೇ ಇರಲಿಲ್ಲ.

ಯಾಕೆಂದರೆ ಅವಳು ಟೌನ್ಸ್‌ಲಿಗಳ ಮಗಳು. ಟೌನ್ಸ್‌ಲಿಗಳು ಅಲೆಮಾರಿಗಳು. ಹಿಂದೆ ತಗಡಿನ ಪಾತ್ರೆ ಮಾಡುತ್ತಾ, ಹೊಳೆಯಲ್ಲಿ ಮುತ್ತಿನ ಚಿಪ್ಪು ಹುಡುಕುತ್ತಾ, ಹಣ್ಣಿನ ಕಾಲದಲ್ಲಿ ರೈತರ ಹೊಲದಲ್ಲಿ ರಾಸ್ಪ್‌ಬೆರಿ ಕೀಳುತ್ತಾ ಬದುಕಿದವರು. ಊರಿನವರು ಅವರನ್ನು ಟಿಂಕ್ ಅನ್ನುತ್ತಾರೆ. ಅದು ಉಗುಳುವ ಹಾಗೆ ಅನ್ನುವ ಮಾತು. ಎಫಿ ಊರಿನವನೊಬ್ಬನನ್ನು ಮದುವೆಯಾಗಿ ರೆನ್ನಿಯಾದಳು. ಅವನೇ ಮೊದಲು ಬೀಡಲ್ ಆಗಿದ್ದ. ಅವನು ಸತ್ತ ಮೇಲೆ ಆ ಕೆಲಸಕ್ಕೆ ಊರಲ್ಲಿ ಯಾರೂ ಮುಂದೆ ಬರಲಿಲ್ಲ. ಹಾಗಾಗಿ ಚರ್ಚು ಉದಾರವಾಯಿತು.

ಎಫಿ ಕೆಲಸಕ್ಕೆ ಸೇರಿದ ಮೊದಲ ವಾರ ಡಲ್ಗ್ಲೀಶ್ ಮೇಡಂ ಅಡುಗೆಮನೆಗೆ ಬಂದು, ಕಪಾಟಿನ ಮೂಲೆಯಿಂದ ಕಿವಿ ಮುರಿದ ನೀಲಿ ಕಪ್ಪೊಂದನ್ನು ತೆಗೆದು ಒರೆಸಿ ಬೇರೆ ಇಟ್ಟಿದ್ದರು.

“ಇದು ನಿನಗೇ ಇರಲಿ ಎಫಿ. ನಿಂದೇ ಅಂತ ಒಂದಿದ್ರೆ ಚೆಂದ ಅಲ್ವಾ.”

ಎಫಿ ಥ್ಯಾಂಕ್ಸ್ ಹೇಳಿದ್ದಳು. ಅಂದಿನಿಂದ ಚರ್ಚಿನಲ್ಲಿ ಏನನ್ನೂ ಕುಡಿದಿರಲಿಲ್ಲ.

ಆ ಗುರುವಾರ ಕಡೆಗೂ ‘ತೀವ್ರವಾಗಿ ವಿಷಾದಿಸುತ್ತದೆ’ ಗೆದ್ದಿತು. ‘ಖಂಡಿಸುತ್ತದೆ’ ಎಂದರೆ ಬಾಗಿಲು ಮುಚ್ಚಿದಂತಾಗುತ್ತದೆ, ಮಾತುಕತೆಗೆ ಜಾಗವಿರಬೇಕು ಎಂದು ಸಾಹೇಬರು ವಿವರಿಸಿದರು. ಆಮೇಲೆ ಪಾದ್ರಿಗಳು ಗಂಟಲು ಸರಿಮಾಡಿಕೊಂಡರು.

“ಮಾತಿನಲ್ಲಷ್ಟೇ ಆದರೆ ಸಾಲದು. ಕ್ರೈಸ್ತರಾದವರು ಕೈಯಿಂದಲೂ ಏನಾದರೂ ಮಾಡಬೇಕು. ಆ ದೇಶದಲ್ಲಿ ಮನೆ ಕಳಕೊಂಡವರ ನೆನಪಿಗೆ ನಮ್ಮೂರಲ್ಲೊಂದು ಶಾಂತಿವನ ಮಾಡಿದರೆ ಹೇಗೆ?”

“ಪುರಸಭೆಯಲ್ಲಿ ಆಗಲೇ ಮಾತಾಡಿದೀನಿ,” ಎಂದರು ಡಲ್ಗ್ಲೀಶ್ ಮೇಡಂ. “ಜಾಗಾನೂ ಗೊತ್ತಾಗಿದೆ. ಸೇತುವೆ ಆಚೆ, ಕೆಳಗಿನ ಹುಲ್ಲುಬಯಲು. ಖಾಲಿ ಜಾಗ. ಯಾರೂ ಇಲ್ಲ. ಯಾರೂ ಇಲ್ಲದ ಕಡೆ ಯಾರನ್ನೂ ಕೇಳೋ ತಾಪತ್ರಯ ಇಲ್ಲ, ಠರಾವು ಒಂದೇ ಸಲಕ್ಕೆ ಪಾಸಾಯ್ತು. ಸೋಮವಾರದಿಂದ ಕೆಲಸ ಶುರು.”

ಎಫಿಯ ಕೈಯಲ್ಲಿದ್ದ ಚಹಾದ ಕೆಟಲು ನಿಂತಿತು. ಕೆಳಗಿನ ಹುಲ್ಲುಬಯಲಲ್ಲಿ ಅವಳ ತಾಯಿ ಇದ್ದಳು. ಗಾಡಿಮನೆಯಲ್ಲಿ, ನಾಯಿಯ ಜೊತೆ, ಒಲೆಯ ಜೊತೆ. ಪಕ್ಕದಲ್ಲಿ ಇನ್ನೂ ನಾಲ್ಕು ಸಂಸಾರ.

“ಅಲ್ಲಿ ನಮ್ಮವ್ವ ಇದಾಳೆ,” ಎಂದಳು.

ಮೇಜು ಮಾತಾಡಿದ್ದರೂ ಅವರಿಗೆ ಇಷ್ಟು ಮುಜುಗರ ಆಗುತ್ತಿರಲಿಲ್ಲ.

“ನೋಡು ಎಫಿ,” ಎಂದರು ಆರ್ಬತ್ನಾಟ್ ಸಾಹೇಬರು ಮೆದುವಾಗಿ, “ಅದು ಸ್ಥಳೀಯ ವಿಷಯ. ಸ್ಥಳೀಯ ರಾಜಕೀಯಕ್ಕೆ ಕೈ ಹಾಕಬಾರದು ಅಂತ ನಮ್ಮ ಬಳಗ ಮೊದಲಿಂದಲೂ ಒಂದು ನಿಯಮ ಇಟ್ಟುಕೊಂಡಿದೆ. ಹಾಕಿದರೆ ನಿಷ್ಪಕ್ಷಪಾತತೆ ಉಳಿಯಲ್ಲ.”

“ಬಿಸ್ಕತ್ತು ತುಂಬ ಚೆನ್ನಾಗಿದೆ,” ಎಂದರು ತಲೆಯಾಡಿಸುವವರಲ್ಲಿ ಒಬ್ಬರು.

ಅಲ್ಲಿಗೆ ಸ್ಥಳೀಯ ವಿಷಯ ಮುಗಿಯಿತು.

ಸಂಜೆ ಎಫಿ ಎರಡು ಕ್ಯಾನು ನೀರು ತುಂಬಿಕೊಂಡು ಸೇತುವೆ ದಾಟಿದಳು. ಹುಲ್ಲುಬಯಲಲ್ಲಿ ಒಂದು ನಲ್ಲಿ ಇತ್ತು. ಹಿಮಕ್ಕೆ ಒಡೆದು ಹೋಗುತ್ತದೆಂದು ಪುರಸಭೆಯವರು ಒಂದು ಚಳಿಗಾಲದಲ್ಲಿ ಅದನ್ನು ಬಂದ್ ಮಾಡಿದ್ದರು. ಹಿಮ ಕರಗಿತು, ನಲ್ಲಿ ಬಿಚ್ಚಲಿಲ್ಲ. ಕೇಳಲು ಹೋದರೆ ಅಲ್ಲಿ ನಲ್ಲಿಯೇ ಇಲ್ಲ ಎಂದರು. ಅಂದಿನಿಂದ ಎಫಿ ದಿನವೂ ಚರ್ಚಿನ ಅಡುಗೆಮನೆಯಿಂದ ಹೊರುತ್ತಿದ್ದಳು. ಕ್ಯಾನಿನ ಹಿಡಿ ಅಂಗೈ ಕೊರೆದು, ಹೆಗಲು ಒಂದು ಕಡೆಗೆ ವಾಲಿ, ದೂರದಿಂದ ನೋಡಿದವರಿಗೂ ಅವಳು ಎಫಿ ಎಂದು ಗೊತ್ತಾಗುತ್ತಿತ್ತು.

ಪೆಗ್ ಮುದುಕಿ ಗಾಡಿಮನೆಯ ಮೆಟ್ಟಿಲ ಮೇಲೆ ಕೂತು ಪೈಪು ಸೇದುತ್ತಿದ್ದಳು. ವಿಷಯ ಅವಳಿಗೆ ಆಗಲೇ ಮುಟ್ಟಿತ್ತು.

“ಪುರಸಭೆಯೋನು ಬಂದಿದ್ದ ಮಗಾ. ಸೋಮ್ವಾರ ಬೆಳಿಗ್ಗೆ ಯಂತ್ರ ಬತ್ತದೆ, ‘ನಿಮ್ಮ ವಾಹನ’ ಎತ್ಕಂಡೋಗಿ ಅಂದ. ಯಾವ್ ವಾಹನನಪ್ಪ, ಇದು ನನ್ ಮನೆ ಅಂದೆ. ನಕ್ಕ.”

“ಎಲ್ಲಿಗೋಗಬೇಕಂತೆ?”

“ಕೇಳ್ದೆ. ಅದು ತನ್ನ ಇಲಾಖೆ ಅಲ್ವಂತೆ.” ಮುದುಕಿ ಹೊಗೆ ಬಿಟ್ಟಳು. “ಏನೋ ತೋಟ ಮಾಡ್ತಾರಂತಲ್ಲ.”

“ಶಾಂತಿವನ. ದೂರದೇಶದಲ್ಲಿ ಮನೆ ಕಳ್ಕೊಂಡೋರ ನೆನಪಿಗೆ.”

ಪೆಗ್ ಪೈಪನ್ನು ಬಾಯಿಂದ ತೆಗೆದಳು. ಅವಳ ನಗು ಹೊಟ್ಟೆಯಿಂದ ಎದ್ದು ಕೆಮ್ಮಾಗಿ ಮುಗಿಯಿತು. ನಾಯಿ ಎದ್ದು ದೂರ ಹೋಗಿ ಮಲಗಿತು.

“ಅಲ್ಲ ಕಣೇ, ಇಲ್ಲೇ ಐದು ಮನೆ ಕಳೀತಾರಲ್ಲ, ಅದ್ರ ನೆನಪಿಗೆ ಎಲ್ಲಿ ಮಾಡ್ತಾರಂತೆ? ಆ ದೇಶದಲ್ಲಾ? ಈ ಸ್ಕಾಲ್ಡಿಗಳಿಗೆ ಮೊದ್ಲಿಂದ್ಲೂ ಹೊರದೇಶ ಅಂದ್ರೆ ಪ್ರಾಣ.” ಊರಲ್ಲಿ ನೆಲೆ ನಿಂತವರನ್ನು ಅವರು ಸ್ಕಾಲ್ಡಿ ಅನ್ನುತ್ತಿದ್ದರು. “ನಮ್ಮಕ್ಕ ನ್ಯಾನ್ಸಿನೂ ಹಂಗೇ ಹೋದ್ಳು. ಚರ್ಚಿನ ಹೆಂಗಸ್ರು ಬಂದು, ಗುಡಾರದಲ್ಲಿ ಮಕ್ಳು ಕೆಟ್ಟೋಯ್ತವೆ ಅಂತ ಆ ಸೇತುವೆ ದಾಟ್ಸಿ ಎತ್ಕಂಡೋಗಿ ಹೊರದೇಶದ ಹಡಗು ಹತ್ಸುದ್ರು. ನಾನು ಬಟ್ಟೆ ಗಂಟಿನ್ ಕೆಳಗೆ ಬಚ್ಚಿಟ್ಕಂಡಿದ್ದೆ. ಇಲ್ಲೇ, ಈ ಹುಲ್ಲಲ್ಲೇ. ನಮ್ಮವ್ವ ಸಾಯೋಗಂಟ ಆ ಸೇತುವೆ ಕಡೆ ಮುಖ ಮಾಡಿ ಕೂರ್ತಿರ್ಲಿಲ್ಲ.”

ಎಫಿಗೆ ಈ ಕಥೆ ಗೊತ್ತಿತ್ತು. ನೀರಿನ ಕ್ಯಾನುಗಳನ್ನು ಮೆಟ್ಟಿಲ ಪಕ್ಕ ಇಳಿಸಿದಳು.

“ಪಾದ್ರಿ ಹತ್ರ ಮಾತಾಡ್ತೀನಿ ಅವ್ವಾ.”

“ಮಾತಾಡು. ಅವ್ನು ಪ್ರಾರ್ಥನೆ ಮಾಡ್ತಾನೆ. ನೀನು ಮಾತ್ರ ಬರ್ವಾಗ ನೀರ್ ತರೋದ್ ಮರೀಬ್ಯಾಡ.”

ಮುದುಕಿಯ ಮಾತು ತಪ್ಪಲಿಲ್ಲ. ಮರುದಿನ ಎಫಿ ಹೋದಾಗ ಪಾದ್ರಿ ಕಿನ್‌ಲಾಕ್ ಭಾನುವಾರದ ಉಪದೇಶ ಬರೆಯುತ್ತಿದ್ದರು. ಅದು ದೊಡ್ಡ ಭಾನುವಾರ. ಹೊಸ ಪುರಸಭೆ ಚುನಾಯಿತವಾದಾಗ ಸದಸ್ಯರೆಲ್ಲ ನಿಲುವಂಗಿ ತೊಟ್ಟು ಮೆರವಣಿಗೆಯಲ್ಲಿ ಚರ್ಚಿಗೆ ಬಂದು ಆಶೀರ್ವಾದ ಪಡೆಯುವುದು ಊರಿನ ಪದ್ಧತಿ. ವರ್ಷವಿಡೀ ದೇವರ ಕಡೆ ತಲೆ ಹಾಕದವರೂ ಅಂದು ಬರುತ್ತಾರೆ. ದೇವರೇ ತಮ್ಮನ್ನು ಗೆಲ್ಲಿಸಿದ್ದು ಎಂದು ಸೋತವರಿಗೆ ತೋರಿಸಬೇಕಲ್ಲ.

“ಎಫಿ, ಅಧಿಕಾರ ಅನ್ನೋದು ದೇವರಿಂದ ಬಂದದ್ದು,” ಎಂದರು ಪಾದ್ರಿಗಳು, ಪೆನ್ನು ಕೆಳಗಿಡದೆ. “ನಮಗೆ ಒಪ್ಪಿಗೆ ಆಗದೇ ಇದ್ದಾಗಲೂ ಅಧೀನರಾಗಿರಬೇಕು. ಭಾನುವಾರದ ಉಪದೇಶವೂ ಅದೇ.”

“ಯಂತ್ರ ಬಂದರೆ ನಮ್ಮವ್ವ ಎಲ್ಲಿಗೋಗಬೇಕು?”

“ನಾನು ಅವರಿಗಾಗಿ ಪ್ರಾರ್ಥಿಸ್ತೀನಿ. ಹೆಸರು ಹೇಳಲ್ಲ. ಹೇಳಿದರೆ ಅವರಿಗೇ ಮುಜುಗರ.”

“ಮುಜುಗರ ಏನಿಲ್ಲ. ಹೇಳಿ.”

ಪಾದ್ರಿಗಳು ಎಫಿಯ ಕೈ ನೋಡಿದರು. ದಿನವೂ ತಮ್ಮ ಮುಂದೆ ಓಡಾಡುವ ಆ ಕೈಯನ್ನು ಅವರು ಸರಿಯಾಗಿ ನೋಡಿದ್ದು ಅಂದೇ ಇರಬೇಕು.

“ಭಾನುವಾರ ಕೈಗೆ ಬಿಳಿ ಗವುಸು ಹಾಕ್ಕೊ ಎಫಿ. ಗಣ್ಯರು ಬರ್ತಾರೆ. ಫೋಟೋ ತೆಗೀತಾರೆ.”

ಭಾನುವಾರ ಬಂತು. ಬ್ಯಾಗ್‌ಪೈಪ್ ಊದುವ ಹ್ಯೂ ಮುಂದೆ, ಅವನ ಹಿಂದೆ ಕೆಂಪು ನಿಲುವಂಗಿಯ ಪುರಸಭೆ, ನಡುವೆ ಚಿನ್ನದ ಸರದ ಡಲ್ಗ್ಲೀಶ್ ಮೇಡಂ, ಪಕ್ಕದಲ್ಲಿ ಪದಕ ತೂಗಿಸಿಕೊಂಡ ಆರ್ಬತ್ನಾಟ್ ಸಾಹೇಬರು. ಇವರನ್ನೆಲ್ಲ ಜನರಿಂದ ಕಾಪಾಡಲು ಕಾನ್‌ಸ್ಟೇಬಲ್ ಲಾಮಂಟ್. ಬೀದಿಯಲ್ಲಿ ಜನ ಇರಲಿಲ್ಲ, ಅಂದು ಫುಟ್‌ಬಾಲ್ ಇತ್ತು. ಆದರೂ ಲಾಮಂಟ್ ಕಾಪಾಡುತ್ತಲೇ ಬಂದ. ಹ್ಯೂ ಬಾಗಿಲಲ್ಲೇ ನಿಂತ. ಅವನಿಗೆ ಕಿವಿ ಮಂದ. ಹಾಗಾಗಿ ಪುರಸಭೆಯ ಗುಮಾಸ್ತ ಅವನಿಗೆ ಒಂದೇ ಮಾತು ಕೂಗಿ ಹೇಳಿದ್ದ: ಬೈಬಲ್ ಆಚೆ ಬಂದ ತಕ್ಷಣ ಊದು, ಮುಂದೆ ನಡಿ.

ಎಫಿ ಗವುಸು ಹಾಕಿರಲಿಲ್ಲ. ಬೈಬಲ್ ಎತ್ತಿಕೊಂಡು ಒಳಗೆ ಬಂದಳು. ಎಲ್ಲರೂ ಎದ್ದರು.

ನಡುದಾರಿ ಉದ್ದವಾಗಿತ್ತು. ಆ ನೆಲವನ್ನು ಅವಳು ನಿನ್ನೆ ಮಂಡಿಯ ಮೇಲೆ ತೆವಳಿ ಉಜ್ಜಿದ್ದಳು. ಕಣ್ಣು ಮುಂದಿಟ್ಟು ನಡೆದಳು. ಇವತ್ತಿನ ದಿನ ಮುಗಿಸಿಬಿಡೋಣ, ಸಂಜೆ ಅವ್ವನ ಸಾಮಾನು ಕಟ್ಟೋಣ ಎಂದೇ ಅವಳ ಮನಸ್ಸಿನಲ್ಲಿತ್ತು. ಯಾರ ಮೇಲೆ ಸಿಟ್ಟು ಮಾಡಿ ಏನಾಗಬೇಕು ಎಂದೂ ಇತ್ತು.

ಪೀಠದ ಕೆಳಗೆ ದೊಡ್ಡ ಚಿತ್ರವೊಂದನ್ನು ನಿಲ್ಲಿಸಿದ್ದರು. ಶಾಂತಿವನದ ಚಿತ್ರ. ಹೊಳೆ ಇತ್ತು, ಸೇತುವೆ ಇತ್ತು, ಬೆಂಚು, ಗುಲಾಬಿ, ಕೈಕೈ ಹಿಡಿದ ಮಕ್ಕಳು ಇದ್ದರು. ಅವ್ವನ ಗಾಡಿಮನೆ ಇರುವ ಜಾಗದಲ್ಲಿ ಕಾರಂಜಿ ಇತ್ತು. ನೀರು ಮೇಲೆ ಚಿಮ್ಮಿ, ಯಾರೂ ಕುಡಿಯದೆ, ಕಲ್ಲಿನ ಬೋಗುಣಿಗೆ ಬೀಳುತ್ತಿತ್ತು.

ಎಫಿಯ ಹೆಗಲು ತಾನಾಗಿಯೇ ನೊಂದಿತು.

ಅವಳು ಪೀಠ ಹತ್ತಲಿಲ್ಲ. ಪುರಸಭೆಯವರಿಗೆಂದು ಮೀಸಲಿಟ್ಟ ಮೊದಲ ಸಾಲಿಗೆ ಹೋಗಿ, ಡಲ್ಗ್ಲೀಶ್ ಮೇಡಂ ಎದ್ದು ಖಾಲಿ ಮಾಡಿದ್ದ ಕೆಂಪು ದಿಂಬಿನ ಮೇಲೆ ಕೂತಳು. ಬೈಬಲನ್ನು ತೊಡೆಯ ಮೇಲಿಟ್ಟುಕೊಂಡಳು.

ಇಡೀ ಚರ್ಚು ನಿಂತಿತ್ತು. ಎಫಿ ಒಬ್ಬಳೇ ಕೂತಿದ್ದಳು.

ಮೊದಲಿಗೆ ಯಾರಿಗೂ ಅರ್ಥವಾಗಲಿಲ್ಲ. ಅವಳಿಗೆ ತಲೆ ಸುತ್ತು ಬಂದಿರಬೇಕು ಅಂದುಕೊಂಡರು. ಮುದುಕನೊಬ್ಬ ಕೂರಲು ಹೋದ. ಹೆಂಡತಿ ಮೊಣಕೈ ಹಿಂಡಿ ಎತ್ತಿ ನಿಲ್ಲಿಸಿದಳು. ಬೈಬಲ್ ಇನ್ನೂ ಮೇಲೇರಿಲ್ಲ. ಅದರಲ್ಲಿ ಬರೆದದ್ದನ್ನು ನಂಬುವವರು ಅಲ್ಲಿ ಎಷ್ಟು ಜನರಿದ್ದರೋ ಗೊತ್ತಿಲ್ಲ. ಅದು ಮೇಲೇರುವ ಮೊದಲು ಕೂತು ನಾಲ್ಕು ಜನರ ಕಣ್ಣಿಗೆ ಬೀಳುವ ಧೈರ್ಯ ಒಬ್ಬರಿಗೂ ಇರಲಿಲ್ಲ.

ಪಾದ್ರಿಗಳು ಬಾಗಿಲ ಬಳಿಯಿಂದ ದಾಪುಗಾಲು ಹಾಕಿ ಬಂದು ಬಗ್ಗಿದರು.

“ಎಫಿ, ಹುಷಾರಿಲ್ವಾ?”

“ಚೆನ್ನಾಗಿದೀನಿ.”

“ಹಾಗಾದರೆ ಪುಸ್ತಕ ಮೇಲಿಡು.”

“ಇಡ್ತೀನಿ. ಡಲ್ಗ್ಲೀಶ್ ಮೇಡಂ ಇದರ ಮೇಲೆ ಕೈ ಇಟ್ಟು, ಕೆಳಗಿನ ಹುಲ್ಲುಬಯಲಲ್ಲಿ ಯಾರೂ ಇಲ್ಲ ಅಂತ ಹೇಳಲಿ. ಹೇಳಿದ ತಕ್ಷಣ ಇಡ್ತೀನಿ.”

ಅವಳು ಕೂಗಲಿಲ್ಲ. ಆದರೆ ಮೆಲುದನಿಯೂ ಹಿಂದಿನ ಸಾಲಿಗೆ ಕೇಳುವ ಹಾಗೆಯೇ ಆ ಚರ್ಚನ್ನು ಕಟ್ಟಿದ್ದರು.

ಡಲ್ಗ್ಲೀಶ್ ಮೇಡಂ ನಕ್ಕರು. ಫೋಟೋಗೆ ನಗುವ ನಗು ಅದು, ಬೇರೆ ನಗು ಸಿದ್ಧ ಇರಲಿಲ್ಲ.

“ಇದಕ್ಕೆ ಸಮಯ ಸಂದರ್ಭ ಇದೆ ಎಫಿ.”

“ಠರಾವಲ್ಲಿ ಬರೆಯೋವಾಗ ಬರೆದ್ರಲ್ಲ ಮೇಡಂ. ಹೇಳೋಕೇನು?”

ಪುರಾಧ್ಯಕ್ಷೆಯ ಕೈ ಮುಂದೆ ಬಂತು. ಬೈಬಲಿನ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತಿತು. ಕ್ಯಾಮೆರಾದವನು ಕ್ಯಾಮೆರಾ ಎತ್ತಿದ. ಕೈ ಹಿಂದೆ ಹೋಯಿತು.

ಆರ್ಬತ್ನಾಟ್ ಸಾಹೇಬರು ಮುಂದೆ ಬಂದರು. ಇಂಥ ಗಳಿಗೆಗಾಗಿಯೇ ಬದುಕಿದವರು ಅವರು.

“ಎರಡೂ ಪಕ್ಷದವರು ಒಪ್ಪೋ ಹಾಗೆ ಒಂದು ವಾಕ್ಯ ಕೊಡ್ತೀನಿ. ‘ಶಾಶ್ವತ ಸ್ವರೂಪದ ಅಧಿಕೃತ ನಿವಾಸಿಗಳು ಯಾರೂ ಇಲ್ಲ.’ ಇದಕ್ಕೆ ಯಾರ ಆಕ್ಷೇಪವೂ ಇರಲಾರದು.”

“ನಮ್ಮವ್ವ ಅಲ್ಲೇ ಹುಟ್ಟಿದ್ದು ಸಾರ್. ಈಗ ಹಲ್ಲೆಲ್ಲ ಉದುರಿವೆ. ಇನ್ನೂ ಎಷ್ಟು ಶಾಶ್ವತ ಬೇಕು?”

ಹಿಂದೆ ಯಾರೋ ನಕ್ಕು ಕೆಮ್ಮಿದರು. ನಿಂತವರ ಕಾಲು ನೋಯತೊಡಗಿತ್ತು. ಎತ್ತರದ ಹಿಮ್ಮಡಿಯವರು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದರು. ಬೇರೆ ಬೈಬಲ್ ತಂದು ಇಡಿ ಎಂದು ಗುಮಾಸ್ತ ಪಿಸುಗುಟ್ಟಿದ. ಬೇರೆ ಇರಲಿಲ್ಲ. ಬೆಂಚುಗಳಲ್ಲಿ ಇದ್ದವನ್ನೆಲ್ಲ ಕ್ರೈಸ್ತ ದೃಷ್ಟಿ ಬಳಗ ಪೆಟ್ಟಿಗೆ ಕಟ್ಟಿ ಆ ದೂರದೇಶಕ್ಕೆ ಕಳಿಸಿತ್ತು. ಅಲ್ಲಿನವರು ಕಂಬಳಿ ಕೇಳಿದ್ದರು. ಫೋನಿನಲ್ಲಿ ಬೈಬಲ್ ಇದೆ ಎಂದು ಒಬ್ಬ ಸದಸ್ಯ ಫೋನು ಎತ್ತಿ ತೋರಿಸಿದ. ಫೋನಿಗೆ ಎದ್ದು ನಿಲ್ಲುವುದೋ ಬೇಡವೋ ಎಂಬ ಬಗ್ಗೆ ಚರ್ಚಿನ ಹಿರಿಯರಲ್ಲೇ ಭಿನ್ನಾಭಿಪ್ರಾಯ ಬಂತು.

“ಲಾಮಂಟ್,” ಎಂದರು ಡಲ್ಗ್ಲೀಶ್ ಮೇಡಂ. ನಗು ಹೋಗಿತ್ತು. “ಈ ಟಿಂಕ್ ಹೆಂಗಸನ್ನ ಎಬ್ಬಿಸಿ.”

ಆ ಮಾತು ಬಾಯಿಂದ ಬಿದ್ದದ್ದು ಅವರಿಗೇ ತಡವಾಗಿ ಗೊತ್ತಾಯಿತು. ಯಾರೂ ಏನೂ ಹೇಳಲಿಲ್ಲ. ಆ ಮೌನವನ್ನು ಎಫಿ ಸಣ್ಣವಳಿದ್ದಾಗಿನಿಂದ ಬಲ್ಲಳು. ಶಾಲೆಯಲ್ಲಿ ಹುಡುಗಿಯರು ಅವಳ ತಲೆಯಲ್ಲಿ ಹೇನಿದೆಯೆಂದು ಹಿಡಿದು ಕೂದಲು ಕತ್ತರಿಸಿದಾಗ ಟೀಚರು ಹೀಗೆಯೇ ಕಿಟಕಿ ನೋಡುತ್ತಿದ್ದಳು.

ಕಾನ್‌ಸ್ಟೇಬಲ್ ಲಾಮಂಟ್ ಬಂದ. ದಪ್ಪ ಮನುಷ್ಯ, ಸುಸ್ತಾದವನು. ಟೌನ್ಸ್‌ಲಿಗಳನ್ನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಿಸುತ್ತಲೇ ಅವನ ಅರ್ಧ ನೌಕರಿ ಕಳೆದಿತ್ತು.

“ಎದ್ದೇಳು ಎಫಿ.”

“ಏಳ್ತೀನಿ,” ಎಂದಳು. ಎದ್ದಳು. ಬೈಬಲನ್ನು ಎದೆಗೆ ಎತ್ತಿಕೊಂಡು, ಪೀಠದ ಕಡೆಗಲ್ಲ, ಬಾಗಿಲ ಕಡೆಗೆ ತಿರುಗಿ ನಡೆದಳು.

ಹ್ಯೂ ಬಾಗಿಲಲ್ಲಿ ತೂಕಡಿಸುತ್ತಿದ್ದ. ಬೈಬಲ್ ಆಚೆ ಬಂತು. ಇವತ್ತು ಉಪದೇಶ ಬೇಗ ಮುಗಿಯಿತು, ದೇವರು ದೊಡ್ಡವನು ಅಂದುಕೊಂಡು ಚೀಲಕ್ಕೆ ಗಾಳಿ ತುಂಬಿದ. ಊದಿದ. ಮುಂದೆ ನಡೆದ.

ಒಳಗಿದ್ದವರಿಗೆ ಬೈಬಲ್ ಹೊರಟಿದ್ದು ಕಂಡಿತು, ಬ್ಯಾಗ್‌ಪೈಪ್ ಕೇಳಿತು. ಹುಟ್ಟಿದಾಗಿನಿಂದ ಅವರ ಕಾಲುಗಳಿಗೆ ಗೊತ್ತಿದ್ದದ್ದು ಒಂದೇ, ಹಿಂದೆ ಹೋಗುವುದು. ಹಿಂದಿನ ಸಾಲು ಹೊರಟಿತು. ಅದರ ಮುಂದಿನದು ಹೊರಟಿತು. ಪಾದ್ರಿಗಳು “ತಡೀರಿ, ತಡೀರಿ” ಎನ್ನುತ್ತಿದ್ದಂತೆಯೇ ಜನ ಅವರನ್ನೂ ಬಾಗಿಲಾಚೆ ನೂಕಿಕೊಂಡು ಬಂದರು. ಪುಸ್ತಕ ಬಿಟ್ಟು ಪುರಸಭೆ ಹಿಂದೆ ಉಳಿಯುವಂತಿರಲಿಲ್ಲ, ಅದೂ ನಿಲುವಂಗಿ ಎತ್ತಿಕೊಂಡು ಬಂತು.

ಎಫಿ ಸೇತುವೆ ದಾಟಿದಳು. ಅವಳು ಆ ಕಡೆ ತಿರುಗಿದ್ದು ಕಂಡು ಹ್ಯೂ ಈಗ ಅವಳ ಹಿಂದೆ ಬಿದ್ದಿದ್ದ. ದಾರಿ ಬೇರೆ ಎಂದು ಅವನಿಗೆ ಅನ್ನಿಸಿತು, ಆದರೆ ಹೊಸ ಪುರಸಭೆ, ಹೊಸ ದಾರಿ ಇದ್ದೀತು ಎಂದು ಊದುತ್ತಲೇ ಬಂದ. ಹುಲ್ಲುಬಯಲು ನಿನ್ನೆಯ ಮಳೆಗೆ ಕೆಸರಾಗಿತ್ತು. ಎತ್ತರದ ಹಿಮ್ಮಡಿಗಳು ಒಂದೊಂದಾಗಿ ಅಲ್ಲಲ್ಲೇ ಹೂತುಕೊಂಡವು. ದೂರದೇಶಗಳ ಮರುಭೂಮಿ ಕಂಡ ಆರ್ಬತ್ನಾಟ್ ಸಾಹೇಬರು ಕೆಳಗಿನ ಹುಲ್ಲುಬಯಲಿಗೆ ಕಾಲಿಟ್ಟಿದ್ದು ಅದೇ ಮೊದಲು.

ಗಾಡಿಮನೆಗಳ ಬಾಗಿಲಲ್ಲಿ ಹೆಂಗಸರು ಮಕ್ಕಳು ಬಂದು ನಿಂತರು. ಹಗ್ಗದ ಮೇಲೆ ಒಗೆದ ಬಟ್ಟೆ ಹಾರುತ್ತಿತ್ತು. ಪೆಗ್ ಮುದುಕಿ ಮೆಟ್ಟಿಲ ಮೇಲೆ ಆಲೂಗಡ್ಡೆ ಸುಲಿಯುತ್ತಾ ಕೂತಿದ್ದಳು. ಕೆಂಪು ನಿಲುವಂಗಿಗಳ ಸಾಲು ನೋಡಿದಳು.

“ಏನೇ ಮಗಾ, ಇಡೀ ಊರ್ನೇ ಕರ್ಕಂಡ್ ಬಂದಿದೀಯ. ಅಷ್ಟ್ ಜನುಕ್ಕೆ ಚಾ ಕಾಯ್ಸೋಕೆ ನೀರೆಲ್ಲೈತೆ?”

“ಒಳಗೆ ನಡಿ ಅವ್ವಾ.”

ಇಬ್ಬರೂ ಒಳಗೆ ಹೋದರು. ಎಫಿ ಬಾಗಿಲು ಮುಚ್ಚಿ ಚಿಲಕ ಹಾಕಿದಳು. ಬೈಬಲನ್ನು ಮೇಜಿನ ಮೇಲೆ, ಉಪ್ಪಿನ ಡಬ್ಬಿಯ ಪಕ್ಕ ಇಟ್ಟಳು. ಕೆಲಸ ಹೋಯಿತು. ಅದು ಖಂಡಿತ. ಹೋಗಲಿ ಅನ್ನಿಸಿತು. ಆದರೆ ನಾಳೆ ಬೆಳಿಗ್ಗೆ ಯಂತ್ರ ಬಂದರೆ ಈ ಮುದುಕಿಯನ್ನು ಎಲ್ಲಿ ಕೂರಿಸುವುದು?

ಗೋಡೆ ತೆಳ್ಳಗಿತ್ತು. ಹೊರಗಿನ ಮಾತೆಲ್ಲ ಕೇಳುತ್ತಿತ್ತು.

“ಬಾಗಿಲು ಒಡೀರಿ ಲಾಮಂಟ್,” ಡಲ್ಗ್ಲೀಶ್ ಮೇಡಂ.

“ಆಗಲ್ಲ ಮೇಡಂ. ಒಳಗೆ ಜನ ಇದಾರೆ. ಮನೆಗೆ ನುಗ್ಗೋಕೆ ಕೋರ್ಟಿನ ಅಪ್ಪಣೆ ಬೇಕು.”

“ಇದು ಮನೆ ಅಲ್ಲ, ವಾಹನ. ಇದು ಖಾಲಿ ಜಾಗ.”

“ಹಂಗಾದ್ರೆ ನೀವು ಕಂಪ್ಲೇಂಟ್ ಹೇಳಿ, ಬರ್ಕೋತೀನಿ. ಬೈಬಲ್ ಎಲ್ಲಿದೆ?”

“ಕಾಣಲ್ವೇನ್ರೀ? ಇಲ್ಲೇ.”

“ಖಾಲಿ ಜಾಗದಲ್ಲಿ. ಸರಿ. ಯಾರ ಹತ್ರ ಇದೆ?”

ಹ್ಯೂ ಊದುವುದನ್ನು ನಿಲ್ಲಿಸಿದ್ದ.

“ಯಾರೂ ಇಲ್ಲದೋರ ಮೇಲೆ ಕೇಸು ಹೆಂಗೆ ಹಾಕೋದು ಮೇಡಂ,” ಎಂದ ಲಾಮಂಟ್. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ನಿಜಕ್ಕೂ ತಿಳಿಯದೆ ಕೇಳುತ್ತಿದ್ದ. “ಇದಾರೆ ಅಂತ ಹೇಳಿ, ಬರ್ಕೋತೀನಿ. ಇಲ್ಲ ಅಂದ್ರೆ ಎಲ್ರೂ ವಾಪಸ್ ಹೋಗೋಣ. ಇಷ್ಟು ಜನದ ಮುಂದೆ ಎರಡನ್ನೂ ಹೇಳೋಕಾಗಲ್ಲ.”

ಬಹಳ ಹೊತ್ತು ಪಿಸುಮಾತು. ಪುಸ್ತಕಕ್ಕೆ ಇಷ್ಟು ವರ್ಷ ಆಗಿದೆ, ಅದನ್ನು ಕೊಟ್ಟ ದೊರೆಮನೆಯವರಿಗೆ ಏನು ಹೇಳುವುದು ಎಂದು ಪಾದ್ರಿಗಳು.

“‘ಸಂಬಂಧಪಟ್ಟವರ ಬಳಿ’ ಅಂತ ಬರೀರಿ,” ಎಂದರು ಸಾಹೇಬರು.

“ನೀವು ಸ್ವಲ್ಪ ಸುಮ್ನಿರಿ ಆರ್ಬತ್ನಾಟ್,” ಎಂದರು ಡಲ್ಗ್ಲೀಶ್ ಮೇಡಂ.

ಆಮೇಲೆ ಮೆಟ್ಟಿಲು ಕಿರ್ರೆಂದಿತು. ಚಿನ್ನದ ಸರ ತಗಡಿಗೆ ತಾಗಿದ ಸದ್ದು ಬಂತು. ಯಾರೋ ಬಾಗಿಲು ತಟ್ಟಿದರು. ಮೆಲ್ಲಗೆ, ಎರಡು ಸಲ. ಪುರಸಭೆಯವರು ಬಂದಾಗಲೆಲ್ಲ ಆ ಬಾಗಿಲನ್ನು ಒದ್ದಿದ್ದರು, ಗುದ್ದಿದ್ದರು. ತಟ್ಟಿದ್ದು ಇದೇ ಮೊದಲು.

ಎಫಿ ತಾಯಿಯ ಮುಖ ನೋಡಿದಳು. ಪೆಗ್ ಪೈಪು ಹೊತ್ತಿಸಿದಳು, ಆರಾಮಾಗಿ ಒಂದು ದಮ್ಮು ಎಳೆದಳು.

“ಇಲ್ಲಿ ಯಾರೂ ಇಲ್ಲ,” ಎಂದು ಕೂಗಿದಳು.

ಹೊರಗೆ ಯಾರೋ ತಡೆಯಲಾರದೆ ನಕ್ಕರು. ಆ ನಗು ಒಂದು ಗಾಡಿಮನೆಯಿಂದ ಇನ್ನೊಂದಕ್ಕೆ ಹೋಯಿತು, ಕಡೆಗೆ ಊರಿನವರ ಗುಂಪಿಗೂ ಹೋಯಿತು.

“ಹೆಸರು ಹಿಡಿದು ಕರೀಬೇಕು ಮೇಡಂ,” ಲಾಮಂಟನ ದನಿ.

ಆಮೇಲೆ ಬಾಗಿಲಿನ ಆಚೆಯಿಂದ, ಹಲ್ಲು ಕಚ್ಚಿಕೊಂಡು, ಪುರಾಧ್ಯಕ್ಷೆಯ ಮಾತು ಬಂತು.

“ಮಿಸೆಸ್ ಟೌನ್ಸ್‌ಲಿ. ಮನೇಲಿದೀರಾ?”

ಎಫಿಯ ಕೈ ಚಿಲಕಕ್ಕೆ ಹೋಯಿತು. ಪೆಗ್ ಅವಳ ಮಣಿಕಟ್ಟು ಹಿಡಿದುಕೊಂಡಳು. ಮುದುಕಿಯ ಹಿಡಿತ ಬಿಗಿಯಾಗಿತ್ತು.

“ತೆಗೀಬ್ಯಾಡ ಮಗಾ. ಇನ್ನೊಂದ್ ಸಲ ಕೂಗ್ಲಿ. ಹಿಂದೆ ನಿಂತೋರ್ಗೂ ಕೇಳುಸ್ಲಿ.”